ದೈತ್ಯ ಕಪ್ಪುಕುಳಿಗಳು ಬೆಳೆದದ್ದು ಹೇಗೆ? ಆಕಾಶ ಸಮೀಕ್ಷೆಗಳು ಕೂಡಿಸಿ ತೋರಿಸಿದ ಲೆಕ್ಕ

ನಮ್ಮ ಹಾಲುಹಾದಿಯ ನಟ್ಟನಡುವೆ ಒಂದು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಇದೆ. ಇಲ್ಲಿಂದ ಸುಮಾರು 27,000 ಜ್ಯೋತಿರ್ವರ್ಷ ದೂರ. ಅದರ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ಅದರ ಸುತ್ತ ತಿರುಗುವ ನಕ್ಷತ್ರಗಳನ್ನು ವರ್ಷಗಟ್ಟಲೆ ಗಮನಿಸಿ ಈ ತೂಕವನ್ನು ಹಿಡಿದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜೆಲ್ ಅವರಿಗೆ 2020ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಎಂ87 ಎಂಬ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಇನ್ನೂ ದೊಡ್ಡದು, ಸುಮಾರು 650 ಕೋಟಿ ಸೂರ್ಯರಷ್ಟು ತೂಕ. 2019ರಲ್ಲಿ ಜಗತ್ತು ಕಂಡ ಮೊದಲ ಕಪ್ಪುಕುಳಿ ಚಿತ್ರ ಅದರದ್ದೇ.

ದೊಡ್ಡ ಗ್ಯಾಲಕ್ಸಿಗಳಲ್ಲಿ ಹೆಚ್ಚುಕಮ್ಮಿ ಎಲ್ಲದರ ನಡುವೆಯೂ ಇಂಥದ್ದೊಂದು ಇದೆ ಎಂಬುದು ಈಗ ಗೊತ್ತು. ಆದರೆ ಒಂದು ನಕ್ಷತ್ರ ಸತ್ತು ಉಳಿಸುವ ಕಪ್ಪುಕುಳಿಯ ತೂಕ ಸಾಮಾನ್ಯವಾಗಿ ಕೆಲವು ಸೂರ್ಯರಿಂದ ಹತ್ತಾರು ಸೂರ್ಯರವರೆಗೆ ಮಾತ್ರ. ಅಲ್ಲಿಂದ 650 ಕೋಟಿಗೆ ಏರುವುದು ಹೇಗೆ? ಯಾವಾಗ ಏರಿತು? ಏನನ್ನು ತಿಂದು ಏರಿತು?

ಒಂದೇ ಕಪ್ಪುಕುಳಿಯನ್ನು ಕೂತು ನೋಡಿ ಇದಕ್ಕೆ ಉತ್ತರ ಹುಡುಕಲು ಆಗುವುದಿಲ್ಲ. ಚೆನ್ನಾಗಿ ಆಹಾರ ಸಿಕ್ಕಿ, ಸಾಮಾನ್ಯ ಮಿತಿಯೊಳಗೆ ಸಾಧ್ಯವಿರುವ ಪೂರ್ತಿ ವೇಗದಲ್ಲಿ ಬೆಳೆದರೂ ಒಂದು ಕಪ್ಪುಕುಳಿಯ ತೂಕ ಎರಡು ಪಟ್ಟಾಗಲು ಸುಮಾರು 3.5 ಕೋಟಿ ವರ್ಷ ಬೇಕು. ನಾವು ದೂರದರ್ಶಕ ಹಿಡಿದು ಆಕಾಶ ನೋಡಲು ಶುರುಮಾಡಿ ಸುಮಾರು 400 ವರ್ಷ ಆಗಿದೆ ಅಷ್ಟೇ. ಹೀಗಾಗಿ ಖಗೋಳ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಒಂದನ್ನೇ ನೋಡುವ ಬದಲು ಸಾವಿರ, ಲಕ್ಷ, ಕೋಟಿ ಗ್ಯಾಲಕ್ಸಿಗಳನ್ನು ಎಣಿಸಿದರು. ಒಂದು ಊರಿನ ಎಲ್ಲರನ್ನೂ ಒಂದೇ ದಿನ ಫೋಟೋ ತೆಗೆದರೆ ಅದರಲ್ಲಿ ಮಗು, ಯುವಕ, ಮುದುಕ ಎಲ್ಲರೂ ಸಿಗುತ್ತಾರೆ. ಯಾರೊಬ್ಬರ ಬದುಕನ್ನೂ ಪೂರ್ತಿ ನೋಡದೆಯೇ ಮನುಷ್ಯ ಬೆಳೆಯುವ ಬಗೆ ಅರ್ಥವಾಗುತ್ತದೆ. ಆಕಾಶ ಸಮೀಕ್ಷೆ ಮಾಡುವುದು ಇದೇ ಕೆಲಸವನ್ನು. ಜೊತೆಗೆ ಆಕಾಶ ಒಂದು ದೊಡ್ಡ ಅನುಕೂಲ ಕೊಡುತ್ತದೆ. ದೂರದ ಬೆಳಕು ನಮ್ಮನ್ನು ತಲುಪಲು ಸಮಯ ಹಿಡಿಯುವುದರಿಂದ, ದೂರ ನೋಡಿದಷ್ಟೂ ಹಳೆಯ ಕಾಲವೇ ಕಣ್ಣಿಗೆ ಬೀಳುತ್ತದೆ. 1,000 ಕೋಟಿ ವರ್ಷ ಹಿಂದಿನ ವಿಶ್ವವನ್ನು ನಾವು ಊಹಿಸಬೇಕಾಗಿಲ್ಲ, ನೇರವಾಗಿ ನೋಡಬಹುದು.

ತಿನ್ನುವಾಗ ಹೊಳೆಯುತ್ತವೆ

ಕಪ್ಪುಕುಳಿಯಿಂದ ಬೆಳಕು ಹೊರಬರುವುದಿಲ್ಲ ಎಂದಮೇಲೆ ಅದನ್ನು ಎಣಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಸುಮ್ಮನಿರುವ ಕಪ್ಪುಕುಳಿ ನಿಜಕ್ಕೂ ಕಾಣುವುದಿಲ್ಲ. ಆದರೆ ಬೆಳೆಯುತ್ತಿರುವ ಕಪ್ಪುಕುಳಿ ವಿಶ್ವದಲ್ಲೇ ಅತಿ ಹೆಚ್ಚು ಹೊಳೆಯುವ ವಸ್ತುಗಳಲ್ಲಿ ಒಂದು.

ಕಾರಣ ಸರಳ. ಒಳಗೆ ಬೀಳುವ ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ಒಂದು ತಟ್ಟೆಯಂತೆ ಹರಡಿಕೊಳ್ಳುತ್ತದೆ. ಆ ತಟ್ಟೆಯಲ್ಲಿ ಪದರಗಳು ಒಂದಕ್ಕೊಂದು ಉಜ್ಜಿ ವಿಪರೀತ ಬಿಸಿಯಾಗುತ್ತವೆ. ಕಪ್ಪುಕುಳಿಯ ಅಂಚು ದಾಟುವ ಮೊದಲೇ, ಬೀಳುವ ವಸ್ತುವಿನ ಸುಮಾರು 10% ಭಾಗ ಬೆಳಕಾಗಿ ಹೊರಗೆ ಹೋಗಿಬಿಡುತ್ತದೆ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಬೆಳಕಾಗುವುದು ಬರೀ 0.7%. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಒಂದು ಕಪ್ಪುಕುಳಿ ವರ್ಷಕ್ಕೆ ಒಂದು ಸೂರ್ಯನಷ್ಟು ಅನಿಲ ನುಂಗುತ್ತಿದೆ ಎಂದುಕೊಳ್ಳಿ. ಆಗ ಅದು ಒಂದೂವರೆ ಲಕ್ಷ ಕೋಟಿ ಸೂರ್ಯರಷ್ಟು ಬೆಳಗುತ್ತದೆ. ಹಾಲುಹಾದಿಯ ಎಲ್ಲ ನಕ್ಷತ್ರಗಳ ಬೆಳಕು ಸೇರಿಸಿದರೂ ಇದರ ಹತ್ತಿರ ಬರುವುದಿಲ್ಲ.

ಇಲ್ಲೇ ಇಡೀ ವಿಷಯದ ಕೀಲಿ ಇದೆ. ಬೆಳಕು ಎಷ್ಟು ಬಂತು ಎಂದು ಅಳೆದರೆ, ಎಷ್ಟು ನುಂಗಿತು ಎಂದು ಗೊತ್ತಾಗುತ್ತದೆ. ಬೆಳಕೇ ಬೆಳವಣಿಗೆಯ ಅಳತೆ.

ಮೇಲೆ ಹೇಳಿದ ಮಿತಿ ಹುಟ್ಟುವುದೂ ಇದೇ ಬೆಳಕಿನಿಂದ. ಬೆಳಕಿಗೂ ತಳ್ಳುವ ಶಕ್ತಿ ಇದೆ. ಜಾಸ್ತಿ ತಿಂದರೆ ಜಾಸ್ತಿ ಬೆಳಕು ಬರುತ್ತದೆ. ಆ ಬೆಳಕು ಬೀಳುತ್ತಿರುವ ಅನಿಲವನ್ನೇ ಹಿಂದಕ್ಕೆ ತಳ್ಳುತ್ತದೆ. ಎಳೆತ ಮತ್ತು ತಳ್ಳಾಟ ಸಮವಾಗುವ ಹಂತಕ್ಕೆ ಎಡಿಂಗ್ಟನ್ ಮಿತಿ ಎಂದು ಹೆಸರು. ಇದು ಗೋಡೆಯಷ್ಟು ಗಟ್ಟಿಯಾದ ಮಿತಿಯಲ್ಲ. ಅನಿಲ ಒಂದು ಕಡೆಯಿಂದ ಬಂದು ಬೆಳಕು ಇನ್ನೊಂದು ಕಡೆಯಿಂದ ತಪ್ಪಿಸಿಕೊಂಡರೆ ಮೀರಬಹುದು. ಆದರೂ ಸಮೀಕ್ಷೆಗಳಲ್ಲಿ ಸಿಕ್ಕ ಕಪ್ಪುಕುಳಿಗಳಲ್ಲಿ ಬಹುಪಾಲು ಈ ಗೆರೆಯ ಕೆಳಗೇ ಇವೆ.

ಒಂದು ಪಟ್ಟಿಯ 273ನೇ ಸಾಲು

ಈ ಕಥೆ ಶುರುವಾದದ್ದೇ ಒಂದು ಸಮೀಕ್ಷೆಯಿಂದ. 1959ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಆಕಾಶದ ರೇಡಿಯೊ ಮೂಲಗಳ ಮೂರನೇ ಪಟ್ಟಿ ಪ್ರಕಟಿಸಿದರು. ಅದರಲ್ಲಿ 273ನೇ ನಮೂದು 3ಸಿ 273. 1962ರಲ್ಲಿ ಚಂದ್ರ ಅದರ ಮುಂದೆ ಹಾದುಹೋದಾಗ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕ ಅದರ ಜಾಗವನ್ನು ಕರಾರುವಾಕ್ಕಾಗಿ ಹಿಡಿಯಿತು. ಅಲ್ಲಿ ಕಂಡದ್ದು ನಕ್ಷತ್ರದಂಥ ಒಂದು ಚುಕ್ಕಿ. ಅದರ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ, ಯಾವ ಧಾತುವಿಗೂ ಹೊಂದದ ಗೆರೆಗಳಿದ್ದವು.

1963ರ ಆರಂಭದಲ್ಲಿ ಮಾರ್ಟೆನ್ ಶ್ಮಿಟ್ ಅದನ್ನು ಬಿಡಿಸಿದರು. ಅವು ಹೈಡ್ರೋಜನ್ ಗೆರೆಗಳೇ. ಎಲ್ಲವೂ ಸುಮಾರು 16% ಕೆಂಪಿನ ಕಡೆ ಜರುಗಿವೆ ಅಷ್ಟೇ. ವಿಶ್ವ ಹಿಗ್ಗುವಾಗ ಬೆಳಕಿನ ಅಲೆಯೂ ಹಿಗ್ಗುತ್ತದೆ. ಆ ಹಿಗ್ಗುವಿಕೆಯ ಅಳತೆಯೇ ಕೆಂಪುಪಲ್ಲಟ. ಈ ಸಂಖ್ಯೆಯಿಂದ ಗೊತ್ತಾದದ್ದು ಏನೆಂದರೆ, ಆ ಚುಕ್ಕಿ 200 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ ಇದೆ. ಅಷ್ಟು ದೂರದಿಂದಲೂ ಸಣ್ಣ ದೂರದರ್ಶಕಕ್ಕೆ ಕಾಣುವಷ್ಟು ಬೆಳಗುತ್ತಿದೆ. ಕ್ವೇಸಾರ್ ಎಂದು ಕರೆಯುವ ಇಂಥ ದೂರದ, ಅತಿ ಪ್ರಖರ ಚುಕ್ಕಿಗಳು ಹೀಗೆ ನಮ್ಮ ಅರಿವಿಗೆ ಬಂದವು.

ಕ್ವೇಸಾರ್‌ಗಳ ಪಟ್ಟಿ ಬೆಳೆದಂತೆ ಒಂದು ವಿಚಿತ್ರ ಸಂಗತಿ ಕಂಡಿತು. ಅವು ನಮ್ಮ ಹತ್ತಿರದಲ್ಲಿ ತೀರಾ ಕಡಿಮೆ, ದೂರದಲ್ಲಿ ಬಹಳ ಹೆಚ್ಚು. ಅಂದರೆ ಈಗ ಕಡಿಮೆ, ಹಿಂದೆ ಹೆಚ್ಚು. ಹಾಗಾದರೆ ಅವೆಲ್ಲ ಎಲ್ಲಿ ಹೋದವು? 1969ರಲ್ಲಿ ಡೊನಾಲ್ಡ್ ಲಿಂಡೆನ್-ಬೆಲ್ ಒಂದು ಧೈರ್ಯದ ಮಾತು ಹೇಳಿದರು. ಕ್ವೇಸಾರ್‌ಗೆ ಶಕ್ತಿ ಕೊಡುವುದು ದೈತ್ಯ ಕಪ್ಪುಕುಳಿ ಆಗಿದ್ದರೆ, ಬೆಳಕು ಆರಿದ ಮೇಲೂ ಆ ಕಪ್ಪುಕುಳಿ ಉಳಿಯಲೇಬೇಕು. ಆದ್ದರಿಂದ ನಮ್ಮ ನೆರೆಯ ಶಾಂತ ಗ್ಯಾಲಕ್ಸಿಗಳ ನಡುವೆಯೂ ಆರಿಹೋದ ಕ್ವೇಸಾರ್‌ಗಳು ಕೂತಿರಬೇಕು. ಮುಂದಿನ ದಶಕಗಳಲ್ಲಿ ಅದು ನಿಜವೆಂದು ಗೊತ್ತಾಯಿತು.

ಸೋಲ್ತಾನ್ ಹಾಕಿದ ಲೆಕ್ಕ

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. 1982ರಲ್ಲಿ ಪೋಲೆಂಡ್‌ನ ಆಂಜೇ ಸೋಲ್ತಾನ್ ಒಂದು ಸಣ್ಣ ಪ್ರಬಂಧ ಬರೆದರು. ಅವರ ವಾದ ಹೀಗಿದೆ. ಸಮೀಕ್ಷೆಗಳಲ್ಲಿ ಸಿಕ್ಕ ಎಲ್ಲ ಕ್ವೇಸಾರ್‌ಗಳ ಬೆಳಕನ್ನು ಕೂಡಿಸಿ. ವಿಶ್ವದ ಇಡೀ ಚರಿತ್ರೆಯಲ್ಲಿ ಕಪ್ಪುಕುಳಿಗಳು ಸೂಸಿದ ಒಟ್ಟು ಬೆಳಕು ಸಿಗುತ್ತದೆ. ಅಷ್ಟು ಬೆಳಕು ಬರಬೇಕಾದರೆ ಎಷ್ಟು ವಸ್ತು ಒಳಗೆ ಬಿದ್ದಿರಬೇಕು ಎಂದು ಲೆಕ್ಕ ಹಾಕಿ. ಅಷ್ಟು ತೂಕದ ಕಪ್ಪುಕುಳಿಗಳು ಇಂದಿನ ಗ್ಯಾಲಕ್ಸಿಗಳಲ್ಲಿ ಇರಲೇಬೇಕು. ತೂಕ ಎಲ್ಲೂ ಮಾಯವಾಗುವುದಿಲ್ಲ ಅಲ್ವಾ?

ಈ ಲೆಕ್ಕದ ಸೊಗಸು ಎಲ್ಲಿದೆ ಎಂದರೆ, ಒಂದು ಕ್ವೇಸಾರ್ ಎಷ್ಟು ಕಾಲ ಬದುಕುತ್ತದೆ ಎಂದು ತಿಳಿಯಬೇಕಾಗಿಯೇ ಇಲ್ಲ. ಕೆಲವೇ ಕಪ್ಪುಕುಳಿಗಳು ಬಹುಕಾಲ ಬೆಳಗಿದವೋ, ಬಹಳಷ್ಟು ಕಪ್ಪುಕುಳಿಗಳು ಸ್ವಲ್ಪ ಸ್ವಲ್ಪ ಹೊತ್ತು ಬೆಳಗಿ ಆರಿದವೋ, ಒಟ್ಟು ಮೊತ್ತ ಅದೇ ಬರುತ್ತದೆ. ಕೂಡಿಸಬೇಕಾದದ್ದು ಬೆಳಕನ್ನು ಮಾತ್ರ.

ಇನ್ನೊಂದು ಕಡೆಯ ಲೆಕ್ಕ, ಅಂದರೆ ಇಂದು ಇರುವ ಕಪ್ಪುಕುಳಿಗಳ ಒಟ್ಟು ತೂಕ, ಬಹಳ ತಡವಾಗಿ ಸಿಕ್ಕಿತು. 1990ರ ದಶಕದಲ್ಲಿ ಹಬಲ್ ದೂರದರ್ಶಕ ನೆರೆಯ ಗ್ಯಾಲಕ್ಸಿಗಳ ನಡುಭಾಗದಲ್ಲಿ ನಕ್ಷತ್ರ ಮತ್ತು ಅನಿಲ ಎಷ್ಟು ವೇಗವಾಗಿ ಓಡುತ್ತಿವೆ ಎಂದು ಅಳೆಯಿತು. 2000ದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಒಂದು ನಂಟನ್ನು ಕಂಡುಕೊಂಡವು. ಗ್ಯಾಲಕ್ಸಿಯ ಉಬ್ಬಿದ ನಡುಭಾಗದಲ್ಲಿ ನಕ್ಷತ್ರಗಳ ವೇಗ ಹೆಚ್ಚಿದ್ದಷ್ಟೂ ಕಪ್ಪುಕುಳಿಯ ತೂಕವೂ ಹೆಚ್ಚು. ಈ ನಂಟು ಎಷ್ಟು ಬಿಗಿಯಾಗಿದೆಯೆಂದರೆ, ಒಂದನ್ನು ಅಳೆದರೆ ಇನ್ನೊಂದನ್ನು ಹೇಳಬಹುದು. ಆಮೇಲೆ ಕೆಲಸ ಸುಲಭವಾಯಿತು. ಗ್ಯಾಲಕ್ಸಿ ಸಮೀಕ್ಷೆಗಳ ಪಟ್ಟಿ ಹಿಡಿದು ಎಲ್ಲ ಕಪ್ಪುಕುಳಿಗಳ ತೂಕ ಅಂದಾಜು ಮಾಡಿ ಕೂಡಿಸಿದರು. ಸುಮಾರು 33 ಲಕ್ಷ ಜ್ಯೋತಿರ್ವರ್ಷ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಜಾಗದಲ್ಲಿ ಸರಾಸರಿ ಕೆಲವು ಲಕ್ಷ ಸೂರ್ಯರಷ್ಟು ಕಪ್ಪುಕುಳಿ ತೂಕ ಇದೆ ಎಂದು ಬಂತು.

ಎರಡೂ ಕಡೆಯ ಮೊತ್ತ ಹೆಚ್ಚುಕಮ್ಮಿ ಹೊಂದುತ್ತದೆ. ಬೀಳುವ ವಸ್ತುವಿನ ಸುಮಾರು 10% ಬೆಳಕಾಗುತ್ತದೆ ಎಂದುಕೊಂಡರೆ ಸರಿಹೋಗುತ್ತದೆ. ಇದರಿಂದ ದೊಡ್ಡ ಸಂಗತಿ ಒಂದು ಹೊರಬಂತು. ಇಂದಿನ ದೈತ್ಯ ಕಪ್ಪುಕುಳಿಗಳು ತಮ್ಮ ತೂಕದ ಬಹುಪಾಲನ್ನು ಅನಿಲ ನುಂಗಿಯೇ ಗಳಿಸಿವೆ. ಅದೂ ಬೆಳಕು ಚೆಲ್ಲುತ್ತಾ, ಸಮೀಕ್ಷೆಗಳಿಗೆ ಕಾಣುವಂತೆ.

ಇದೇ ಲೆಕ್ಕದಿಂದ ಇನ್ನೊಂದು ಸುಳಿವೂ ಸಿಗುತ್ತದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ತಿರುಗದೇ ಇರುವ ಕಪ್ಪುಕುಳಿಯ ಸುತ್ತ ವಸ್ತುವಿನ 5.7% ಮಾತ್ರ ಬೆಳಕಾಗಬಹುದು. ಪೂರ್ತಿ ವೇಗದಲ್ಲಿ ತಿರುಗುವ ಕಪ್ಪುಕುಳಿಯಾದರೆ 42% ತನಕ ಹೋಗಬಹುದು. ಆದ್ದರಿಂದ ಸರಾಸರಿ 10% ಎಂದು ಬಂದರೆ, ಕಪ್ಪುಕುಳಿಗಳು ಸರಾಸರಿಯಲ್ಲಿ ಗಿರಗಿರನೆ ತಿರುಗುತ್ತಿವೆ ಎಂದಾಯಿತು. ಚುಕ್ಕಿಗಳನ್ನು ಎಣಿಸುವ ಕೆಲಸದಿಂದ ಕಪ್ಪುಕುಳಿಗಳ ತಿರುಗಾಟದ ಅಂದಾಜು ಸಿಗುತ್ತದೆ ಎಂಬುದು ನನಗೆ ಈಗಲೂ ಬೆರಗು ಹುಟ್ಟಿಸುವ ವಿಷಯ.

ಎಣಿಕೆಯಲ್ಲಿ ತಪ್ಪಿಹೋಗುವವು

ಆದರೆ ಈ ಲೆಕ್ಕ ನಿಲ್ಲುವುದು ಎಣಿಕೆ ಸರಿಯಾಗಿದ್ದರೆ ಮಾತ್ರ. ಯಾರನ್ನಾದರೂ ಬಿಟ್ಟರೆ ಮೊತ್ತ ಕೆಡುತ್ತದೆ. ಕಳೆದ 60 ವರ್ಷಗಳ ಸಮೀಕ್ಷೆಗಳ ಚರಿತ್ರೆ ಬಹುಪಾಲು, ಬಿಟ್ಟುಹೋದವರನ್ನು ಹುಡುಕಿದ ಚರಿತ್ರೆಯೇ.

ಕಣ್ಣಿಗೆ ಕಾಣುವ ಬೆಳಕಿನ ಸಮೀಕ್ಷೆಗಳಲ್ಲಿ ದೊಡ್ಡ ಹೆಸರು ಸ್ಲೋನ್ ಡಿಜಿಟಲ್ ಆಕಾಶ ಸಮೀಕ್ಷೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ 2.5 ಮೀಟರ್ ದೂರದರ್ಶಕ 2000ದಿಂದ ಈ ಕೆಲಸ ಮಾಡುತ್ತಿದೆ. ಮೊದಲು ಬೇರೆಬೇರೆ ಬಣ್ಣಗಳಲ್ಲಿ ಚಿತ್ರ ತೆಗೆಯಿತು. ಕ್ವೇಸಾರ್‌ಗಳ ಬಣ್ಣ ಸಾಮಾನ್ಯ ನಕ್ಷತ್ರಗಳಿಗಿಂತ ಬೇರೆ, ಆದ್ದರಿಂದ ಅನುಮಾನದ ಚುಕ್ಕಿಗಳನ್ನು ಆರಿಸಬಹುದು. ಆಮೇಲೆ ನೂರಾರು ಆಪ್ಟಿಕಲ್ ಫೈಬರ್ ಇಟ್ಟು ಒಂದೇ ಸಲಕ್ಕೆ ನೂರಾರು ಚುಕ್ಕಿಗಳ ರೋಹಿತ ಪಡೆಯುತ್ತದೆ. 2020ರಲ್ಲಿ ಹೊರಬಂದ ಅದರ ಪಟ್ಟಿಯಲ್ಲಿ ಸುಮಾರು 7.5 ಲಕ್ಷ ಕ್ವೇಸಾರ್‌ಗಳಿವೆ.

ರೋಹಿತದಿಂದ ದೂರ ಮಾತ್ರವಲ್ಲ, ತೂಕವೂ ಸಿಗುತ್ತದೆ. ಕಪ್ಪುಕುಳಿಯ ಹತ್ತಿರ ಅನಿಲದ ಮೋಡಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಕೆಲವು ನಮ್ಮ ಕಡೆ, ಕೆಲವು ಆಚೆ ಕಡೆ. ಅದರಿಂದ ರೋಹಿತದ ಗೆರೆ ಅಗಲವಾಗುತ್ತದೆ. ಅಗಲದಿಂದ ವೇಗ ಗೊತ್ತಾಗುತ್ತದೆ. ಮೋಡಗಳು ಎಷ್ಟು ದೂರದಲ್ಲಿವೆ ಎಂದು ತಿಳಿಯಲು ಒಂದು ಜಾಣ ಉಪಾಯ ಇದೆ. ನಡುವಿನ ಬೆಳಕು ಹೆಚ್ಚಾದ ಮೇಲೆ ಎಷ್ಟು ದಿನ ಬಿಟ್ಟು ಮೋಡಗಳು ಹೊಳೆದವು ಎಂದು ಕಾದು ನೋಡುವುದು. ಅಷ್ಟು ದಿನ ಬೆಳಕು ಪ್ರಯಾಣಿಸಿದ ದೂರವೇ ಮೋಡಗಳ ದೂರ. ಹೀಗೆ ಕೆಲವು ಕ್ವೇಸಾರ್‌ಗಳಲ್ಲಿ ಅಳೆದು, ಆ ನಂಟನ್ನು ಲಕ್ಷಾಂತರ ಕ್ವೇಸಾರ್‌ಗಳಿಗೆ ಹಚ್ಚುತ್ತಾರೆ. ಒಂದೊಂದರ ತೂಕದಲ್ಲಿ ಎರಡು ಮೂರು ಪಟ್ಟು ಹೆಚ್ಚುಕಡಿಮೆ ಆಗಬಹುದು. ಇದನ್ನು ಮರೆಯಬಾರದು, ಮುಂದೆ ಇದರ ಕೆಲಸ ಇದೆ. 2018ರಲ್ಲಿ ಚಿಲಿಯ ದೊಡ್ಡ ದೂರದರ್ಶಕಗಳನ್ನು ಜೋಡಿಸಿ 3ಸಿ 273ರ ಮೋಡಗಳನ್ನು ನೇರವಾಗಿಯೇ ಬಿಡಿಸಿ ನೋಡಿದರು. ಅವು ನಡುವಿನಿಂದ ಸುಮಾರು 145 ಬೆಳಕಿನ ದಿನಗಳಷ್ಟು ದೂರದಲ್ಲಿದ್ದವು. ಕಪ್ಪುಕುಳಿಯ ತೂಕ ಸುಮಾರು 30 ಕೋಟಿ ಸೂರ್ಯರಷ್ಟು ಎಂದು ಬಂತು.

ಕಾಣುವ ಬೆಳಕಿನ ತೊಂದರೆ ಧೂಳು. ಬೆಳೆಯುತ್ತಿರುವ ಕಪ್ಪುಕುಳಿಗಳಲ್ಲಿ ಬಹಳಷ್ಟು ದಪ್ಪ ಧೂಳು ಮತ್ತು ಅನಿಲದ ಹಿಂದೆ ಅಡಗಿವೆ. ಸ್ಲೋನ್ ಸಮೀಕ್ಷೆಗೆ ಅವು ಬರೀ ಸಾಮಾನ್ಯ ಗ್ಯಾಲಕ್ಸಿಗಳಂತೆ ಕಾಣುತ್ತವೆ. ಇವನ್ನು ಹಿಡಿಯಲು ಬಂದದ್ದು ಧೂಳನ್ನು ತೂರಿ ಬರುವ ಎಕ್ಸ್-ಕಿರಣ.

1962ರಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಜೊತೆಗಾರರು ಒಂದು ಸಣ್ಣ ರಾಕೆಟ್‌ನಲ್ಲಿ ಎಕ್ಸ್-ಕಿರಣ ಸಾಧನ ಹಾರಿಸಿದರು. ಅದು ಕೆಲವೇ ನಿಮಿಷ ವಾತಾವರಣದ ಮೇಲಿತ್ತು. ಅಷ್ಟರಲ್ಲೇ ಸೌರಮಂಡಲದ ಆಚೆಯ ಮೊದಲ ಎಕ್ಸ್-ಕಿರಣ ಮೂಲ ಸಿಕ್ಕಿತು. ಇನ್ನೊಂದು ಸಂಗತಿಯೂ ಕಂಡಿತು. ಇಡೀ ಆಕಾಶ ಎಲ್ಲ ಕಡೆಯಿಂದಲೂ ಮಂದವಾಗಿ ಎಕ್ಸ್-ಕಿರಣ ಸೂಸುತ್ತಿತ್ತು. ಈ ಮಂದ ಹೊಳಪು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಸುಮಾರು 40 ವರ್ಷ ಕಾಡಿತು. ಜಿಯಾಕೋನಿಗೆ 2002ರಲ್ಲಿ ನೊಬೆಲ್ ಬಂತು.

ಉತ್ತರ ಕೊಟ್ಟದ್ದು ಚಂದ್ರಾ ಎಂಬ ಎಕ್ಸ್-ಕಿರಣ ದೂರದರ್ಶಕ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಈ ಉಪಗ್ರಹವನ್ನು ನಾಸಾ 1999ರಲ್ಲಿ ಹಾರಿಸಿತು. ವಿಜ್ಞಾನಿಗಳು ದಕ್ಷಿಣ ಆಕಾಶದ ಒಂದು ತುಂಡನ್ನು ಆರಿಸಿದರು. ಹುಣ್ಣಿಮೆಯ ಚಂದ್ರನಿಗಿಂತ ಚಿಕ್ಕ ತುಂಡು ಅದು. ಅಲ್ಲಿಗೆ ಚಂದ್ರಾವನ್ನು ಮತ್ತೆ ಮತ್ತೆ ತಿರುಗಿಸಿ, ವರ್ಷಗಳ ಅವಧಿಯಲ್ಲಿ ಒಟ್ಟು 70 ಲಕ್ಷ ಸೆಕೆಂಡ್ ನೋಡಿದರು. ಲೆಕ್ಕ ಹಾಕಿದರೆ 81 ದಿನ. ಆ ಪುಟ್ಟ ತುಂಡಿನಲ್ಲಿ ಸುಮಾರು 1,000 ಎಕ್ಸ್-ಕಿರಣ ಮೂಲಗಳು ಸಿಕ್ಕಿದವು. ಅವುಗಳಲ್ಲಿ ಬಹುಪಾಲು ಬೆಳೆಯುತ್ತಿರುವ ದೈತ್ಯ ಕಪ್ಪುಕುಳಿಗಳು. ಆಕಾಶದ ಆ ಮಂದ ಹೊಳಪಿನಲ್ಲಿ ಬಹುಪಾಲು ಇಂಥ ಬಿಡಿಬಿಡಿ ಚುಕ್ಕಿಗಳ ಒಟ್ಟು ಬೆಳಕು ಎಂದು ಖಚಿತವಾಯಿತು. ಇದನ್ನು ನಾನು ಆಧುನಿಕ ಖಗೋಳ ವಿಜ್ಞಾನದ ದೊಡ್ಡ ಗೆಲುವುಗಳಲ್ಲಿ ಒಂದು ಎಂದು ಎಣಿಸುತ್ತೇನೆ.

ಆದರೆ ಇಷ್ಟು ಚಿಕ್ಕ ತುಂಡಿನಲ್ಲಿ ಅಪರೂಪದ ದೈತ್ಯರು ಸಿಗುವುದಿಲ್ಲ. ಅತಿ ಪ್ರಖರ ಕ್ವೇಸಾರ್‌ಗಳು ಬೇಕೆಂದರೆ ಅಗಲವಾದ ಆಕಾಶ ಬೇಕು. ಅಗಲವಾಗಿ ನೋಡಿದರೆ ಒಂದೊಂದು ಜಾಗಕ್ಕೆ ಕಡಿಮೆ ಸಮಯ ಸಿಗುತ್ತದೆ, ಮಂದ ಚುಕ್ಕಿಗಳು ತಪ್ಪಿಹೋಗುತ್ತವೆ. ಆದ್ದರಿಂದ ಒಂದೇ ಸಮೀಕ್ಷೆ ಸಾಕಾಗುವುದಿಲ್ಲ. ಚಂದ್ರಾದ ಆಳವಾದ ಪುಟ್ಟ ಚಿತ್ರ, ಅದರ ಮೇಲೆ ಎರಡು ಚದರ ಡಿಗ್ರಿಯ ಕಾಸ್ಮೋಸ್ ಸಮೀಕ್ಷೆ, ಅದಕ್ಕಿಂತ ಅಗಲವಾಗಿ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಎಕ್ಸ್-ಕಿರಣ ದೂರದರ್ಶಕ ನೋಡಿದ ಜಾಗಗಳು, ಎಲ್ಲಕ್ಕಿಂತ ಅಗಲವಾಗಿ ಜರ್ಮನಿಯ ಎಕ್ಸ್-ಕಿರಣ ದೂರದರ್ಶಕ ಇರೋಸಿಟಾ ತೆಗೆದ ಇಡೀ ಆಕಾಶದ ನಕ್ಷೆ. ಇರೋಸಿಟಾ 2019ರಲ್ಲಿ ಹಾರಿತು. ಅದರ ಮೊದಲ ಸುತ್ತಿನ ಅರ್ಧ ಆಕಾಶದ ಪಟ್ಟಿ 2024ರ ಜನವರಿಯಲ್ಲಿ ಹೊರಬಂತು. ಅದರಲ್ಲಿ ಸುಮಾರು 9 ಲಕ್ಷ ಮೂಲಗಳಿದ್ದವು. ಅವುಗಳಲ್ಲಿ 7 ಲಕ್ಷಕ್ಕೂ ಹೆಚ್ಚು ದೈತ್ಯ ಕಪ್ಪುಕುಳಿಗಳೇ.

ಅನಿಲ ತೀರಾ ದಪ್ಪವಾಗಿದ್ದರೆ ಮೆದು (ಕಡಿಮೆ ಶಕ್ತಿಯ) ಎಕ್ಸ್-ಕಿರಣವೂ ಹೊರಬರುವುದಿಲ್ಲ. ಅಂಥವನ್ನು 2012ರಲ್ಲಿ ಹಾರಿದ ನುಸ್ಟಾರ್ ದೂರದರ್ಶಕ ಗಡಸು (ಹೆಚ್ಚು ಶಕ್ತಿಯ) ಎಕ್ಸ್-ಕಿರಣದಲ್ಲಿ ಹುಡುಕುತ್ತದೆ. ಬಿಸಿಯಾದ ಧೂಳು ತಾನೇ ಸೂಸುವ ಅವಕೆಂಪು ಬೆಳಕನ್ನು ವೈಸ್ ಉಪಗ್ರಹ 2010ರಲ್ಲಿ ಇಡೀ ಆಕಾಶದಲ್ಲಿ ಅಳೆಯಿತು. ಇಷ್ಟೆಲ್ಲ ಮಾಡಿದರೂ ಅತಿ ದಪ್ಪ ಅನಿಲದೊಳಗೆ ಹುದುಗಿದವು ಎಷ್ಟಿವೆ ಎಂಬ ಬಗ್ಗೆ ತಂಡಗಳ ನಡುವೆ ಒಮ್ಮತ ಇಲ್ಲ. ಸೋಲ್ತಾನ್ ಲೆಕ್ಕದಲ್ಲಿ ಈಗಲೂ ಸಡಿಲವಾಗಿರುವ ಜಾಗ ಇದು.

ಬೆಳವಣಿಗೆಯ ಕಾಲಗಣನೆ

ಎಲ್ಲ ಸಮೀಕ್ಷೆಗಳನ್ನು ಸೇರಿಸಿದಾಗ ಬರುವ ಚಿತ್ರ ಹೀಗಿದೆ. ವಿಶ್ವಕ್ಕೆ ಈಗ 1,380 ಕೋಟಿ ವರ್ಷ. ಕಪ್ಪುಕುಳಿಗಳು ಅತಿ ಜೋರಾಗಿ ಬೆಳೆದದ್ದು ಇಂದಿಗೆ ಸುಮಾರು 1,000 ಕೋಟಿ ವರ್ಷದ ಹಿಂದೆ. ನಕ್ಷತ್ರಗಳು ಅತಿ ಹೆಚ್ಚು ಹುಟ್ಟಿದ್ದೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ಇದು ಕಾಕತಾಳೀಯ ಅಲ್ಲ ಎಂದು ಹೆಚ್ಚಿನವರು ನಂಬುತ್ತಾರೆ. ಎರಡಕ್ಕೂ ಬೇಕಾದ ಕಚ್ಚಾವಸ್ತು ತಣ್ಣನೆಯ ಅನಿಲ. ಅದು ಆಗ ಧಾರಾಳವಾಗಿತ್ತು, ಈಗ ಕಡಿಮೆ.

ಎಕ್ಸ್-ಕಿರಣ ಸಮೀಕ್ಷೆಗಳು ಇನ್ನೊಂದು ವಿಷಯ ತೋರಿಸಿದವು. ಅದು ಅನೇಕರು ಎಣಿಸಿದ್ದಕ್ಕೆ ತಿರುಗುಮುರುಗಾಗಿತ್ತು. ವಿಶ್ವದಲ್ಲಿ ಸಣ್ಣವು ಮೊದಲು, ದೊಡ್ಡವು ಆಮೇಲೆ ಬರಬೇಕು ಎಂಬುದು ಸಹಜ ಊಹೆ. ಆದರೆ ಅತಿ ಪ್ರಖರ ಕ್ವೇಸಾರ್‌ಗಳ ಸಂಖ್ಯೆ ಮೊದಲು ತುದಿ ಮುಟ್ಟಿ ಇಳಿಯಿತು. ಮಂದವಾಗಿ ಬೆಳಗುವವುಗಳ ಸಂಖ್ಯೆ ತುದಿ ಮುಟ್ಟಿದ್ದು ನೂರಾರು ಕೋಟಿ ವರ್ಷ ತಡವಾಗಿ. ಅಂದರೆ ದೈತ್ಯರಲ್ಲೇ ದೈತ್ಯರು ಬೇಗ ಬೇಗ ಬೆಳೆದು ಸುಮ್ಮನಾದರು. ಸಣ್ಣ ಕಪ್ಪುಕುಳಿಗಳು ನಿಧಾನವಾಗಿ, ಇತ್ತೀಚಿನವರೆಗೂ ಬೆಳೆಯುತ್ತಾ ಬಂದವು.

ಅನಿಲ ನುಂಗುವುದರ ಜೊತೆ ಇನ್ನೊಂದು ದಾರಿಯೂ ಇದೆ. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾದಾಗ ಅವುಗಳ ಕಪ್ಪುಕುಳಿಗಳೂ ಕೊನೆಗೆ ಒಂದಾಗಬಹುದು. ಯಾವ ದಾರಿ ಎಷ್ಟು ಮುಖ್ಯ? ಇದನ್ನು ಬಿಡಿಸಲು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಫಾನ್ ಝೌ, ನೀಲ್ ಬ್ರಾಂಡ್ಟ್ ಮತ್ತು ಜೊತೆಗಾರರು ಎರಡು ಕೆಲಸ ಕೂಡಿಸಿದರು. ಚಂದ್ರಾ, ಎಕ್ಸ್‌ಎಂಎಂ-ನ್ಯೂಟನ್ ಮತ್ತು ಇರೋಸಿಟಾ ಸಮೀಕ್ಷೆಗಳಿಂದ 13 ಲಕ್ಷ ಗ್ಯಾಲಕ್ಸಿಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಜೋರಾಗಿ ಬೆಳೆಯುತ್ತಿದ್ದ ಸುಮಾರು 8,000 ಕಪ್ಪುಕುಳಿಗಳಿದ್ದವು. ನುಂಗುವ ವೇಗವನ್ನು ಈ ಎಣಿಕೆಯಿಂದ ತೆಗೆದರು. ಡಿಕ್ಕಿಗಳ ಲೆಕ್ಕವನ್ನು ಸೂಪರ್‌ಕಂಪ್ಯೂಟರ್ ಸಿಮ್ಯುಲೇಷನ್‌ನಿಂದ ತೆಗೆದರು. 2024ರಲ್ಲಿ ಅವರು ಹೇಳಿದ್ದು: ಹೆಚ್ಚಿನ ಸಂದರ್ಭಗಳಲ್ಲಿ ನುಂಗಿದ ಅನಿಲದ್ದೇ ಮೇಲುಗೈ. ಡಿಕ್ಕಿಗಳ ಪಾಲು ಗಮನಕ್ಕೆ ಬರುವುದು ಅತಿ ದೊಡ್ಡ ಕಪ್ಪುಕುಳಿಗಳಲ್ಲಿ, ಅದೂ ಅನಿಲ ಕಡಿಮೆಯಾದ ಇತ್ತೀಚಿನ ಕಾಲದಲ್ಲಿ.

13 ಲಕ್ಷದಲ್ಲಿ 8,000 ಎಂಬ ಸಂಖ್ಯೆಯ ಮೇಲೆ ಒಂದು ಕ್ಷಣ ನಿಲ್ಲಬೇಕು. ಕಪ್ಪುಕುಳಿ ಎಲ್ಲ ಕಡೆ ಇದ್ದರೂ ಯಾವುದೇ ಹೊತ್ತಿನಲ್ಲಿ ಜೋರಾಗಿ ತಿನ್ನುತ್ತಿರುವವು ಕಡಿಮೆ. ಒಂದೇ ಕಪ್ಪುಕುಳಿ ಹಲವು ಸಲ ಹೊತ್ತಿಕೊಂಡು ಹಲವು ಸಲ ಆರುತ್ತದೆ. ಆದ್ದರಿಂದ ಇಂದು ಕತ್ತಲೆಯಾಗಿರುವ ಗ್ಯಾಲಕ್ಸಿಯನ್ನು "ಬೆಳೆಯದ್ದು" ಎಂದು ಬದಿಗಿಡಲು ಆಗುವುದಿಲ್ಲ. ಒಂದೇ ಬಗೆಯ ಸಾವಿರಾರು ಗ್ಯಾಲಕ್ಸಿಗಳ ಸರಾಸರಿ ತೆಗೆದರೆ ಮಾತ್ರ ದೀರ್ಘಕಾಲದ ಬೆಳವಣಿಗೆ ಕಾಣುತ್ತದೆ. ದೊಡ್ಡ ಸಮೀಕ್ಷೆ ಬೇಕಾಗುವುದು ಮುಖ್ಯವಾಗಿ ಇದಕ್ಕೇ.

ಹೊತ್ತಿಕೊಳ್ಳುವ ಗಳಿಗೆಯೂ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ. ಸುಮಾರು 30 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಶಾಂತ ಗ್ಯಾಲಕ್ಸಿ 2019ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಬೆಳಗತೊಡಗಿತು. ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಝ್ವಿಕಿ ಸಮೀಕ್ಷೆ ಅದನ್ನು ಹಿಡಿಯಿತು. ವರ್ಷಗಳಾದರೂ ಅದು ಆರಲಿಲ್ಲ.

ಬೇಗ ಬೆಳೆದವರ ಒಗಟು

ಈಗ ಎಲ್ಲಕ್ಕಿಂತ ಕಷ್ಟದ ಭಾಗ. 2021ರಲ್ಲಿ ಜೆ0313-1806 ಎಂಬ ಕ್ವೇಸಾರ್ ಬಗ್ಗೆ ಪ್ರಕಟವಾಯಿತು. ಬಿಗ್ ಬ್ಯಾಂಗ್ ಆಗಿ ಬರೀ 67 ಕೋಟಿ ವರ್ಷಕ್ಕೆ ಅದರ ತೂಕ 160 ಕೋಟಿ ಸೂರ್ಯರಷ್ಟಿತ್ತು. ಮೊದಲಿಗೆ 100 ಸೂರ್ಯರಷ್ಟು ತೂಕದ ಬೀಜ ಇತ್ತು ಎಂದುಕೊಳ್ಳಿ. 160 ಕೋಟಿ ಮುಟ್ಟಲು ಅದು 24 ಸಲ ದುಪ್ಪಟ್ಟಾಗಬೇಕು. ಒಂದೊಂದಕ್ಕೆ 3.5 ಕೋಟಿ ವರ್ಷ ಎಂದರೆ ಒಟ್ಟು 84 ಕೋಟಿ ವರ್ಷ. ಅಷ್ಟು ಸಮಯವೇ ಆಗ ಆಗಿರಲಿಲ್ಲ. ನಡುವೆ ಒಂದು ಗಳಿಗೆಯೂ ಹಸಿದಿರಬಾರದು ಎಂಬ ಷರತ್ತು ಬೇರೆ.

ದಾರಿಗಳು ಎರಡು. ಒಂದು, ಬೀಜವೇ ದೊಡ್ಡದಿತ್ತು. ಮೊದಲ ಕಾಲದ ಅನಿಲದ ದೊಡ್ಡ ಮೋಡವೊಂದು ನಕ್ಷತ್ರಗಳಾಗಿ ಒಡೆಯದೆ ನೇರವಾಗಿ ಕುಸಿದು ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಆಗಿರಬಹುದು. ಆಗ 14 ದುಪ್ಪಟ್ಟು ಸಾಕು, 49 ಕೋಟಿ ವರ್ಷದಲ್ಲಿ ಮುಗಿಯುತ್ತದೆ. ಎರಡು, ಬೀಜ ಸಣ್ಣದೇ, ಆದರೆ ಎಡಿಂಗ್ಟನ್ ಮಿತಿ ಮೀರಿ ಗಬಗಬನೆ ತಿಂದಿತು.

ಯಾವುದು ಸರಿ ಎಂದು ಹೇಳಲು ಇನ್ನೂ ಹಿಂದಕ್ಕೆ ಹೋಗಬೇಕು. 2023ರಲ್ಲಿ ಚಂದ್ರಾ ಮತ್ತು ಜೇಮ್ಸ್ ವೆಬ್ ದೂರದರ್ಶಕಗಳು ಒಟ್ಟಾಗಿ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯಲ್ಲಿ ಒಂದು ಕಪ್ಪುಕುಳಿಯನ್ನು ಹಿಡಿದವು. ಬಿಗ್ ಬ್ಯಾಂಗ್ ಆಗಿ 47 ಕೋಟಿ ವರ್ಷದ ಕಾಲ ಅದು. ಅದರ ತೂಕದ ಅಂದಾಜು 1 ಕೋಟಿಯಿಂದ 10 ಕೋಟಿ ಸೂರ್ಯ. ಗಮನ ಸೆಳೆದದ್ದು ಬೇರೆ. ಇಂದಿನ ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿಯ ತೂಕ ನಕ್ಷತ್ರಗಳ ತೂಕದ ಸಾವಿರದಲ್ಲಿ ಒಂದೆರಡು ಪಾಲು ಇರುತ್ತದೆ. ಇಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ದೊಡ್ಡ ಬೀಜದಿಂದ ಹುಟ್ಟಿದರೆ ಹೀಗೇ ಕಾಣಬೇಕು ಎಂದು ಪ್ರಿಯಂವದಾ ನಟರಾಜನ್ ಮತ್ತು ಜೊತೆಗಾರರು 2017ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಒಂದೇ ಉದಾಹರಣೆಯಿಂದ ತೀರ್ಪು ಬರುವುದಿಲ್ಲ, ನಿಜ. ಆದರೂ ಮುಂಚೆಯೇ ಹೇಳಿದ್ದು ಕಣ್ಣಮುಂದೆ ಬಂದಾಗ ಅದಕ್ಕೆ ತೂಕ ಇದ್ದೇ ಇರುತ್ತದೆ.

ಇದರ ಜೊತೆ ವೆಬ್ ಇನ್ನೊಂದು ಹೊಸ ಗುಂಪನ್ನು ತಂದಿತು. ಅದರ ಚಿತ್ರಗಳಲ್ಲಿ ಎಲ್ಲೆಲ್ಲೂ ಪುಟ್ಟ ಕೆಂಪು ಚುಕ್ಕಿಗಳು ಸಿಕ್ಕಿದವು. ವಿಜ್ಞಾನಿಗಳು ಅವನ್ನು ಹಾಗೆಯೇ ಕರೆಯುತ್ತಾರೆ, ಪುಟ್ಟ ಕೆಂಪು ಚುಕ್ಕಿಗಳು ಎಂದು. ಹೆಚ್ಚಿನವು ಬಿಗ್ ಬ್ಯಾಂಗ್ ಆದ ಮೊದಲ 150 ಕೋಟಿ ವರ್ಷಗಳವು. ಅನೇಕವುಗಳ ರೋಹಿತದಲ್ಲಿ ಅಗಲವಾದ ಹೈಡ್ರೋಜನ್ ಗೆರೆಗಳಿವೆ. ಅಂದರೆ ಕಪ್ಪುಕುಳಿಯ ಗುರುತು. ಆದರೆ ಚಂದ್ರಾದ ಆಳ ಚಿತ್ರಗಳಲ್ಲಿ ಅವು ಬಹುತೇಕ ಕಾಣಿಸುವುದೇ ಇಲ್ಲ. ಎಕ್ಸ್-ಕಿರಣ ಇಲ್ಲದ ಬೆಳೆಯುವ ಕಪ್ಪುಕುಳಿ ಎಂದರೆ 60 ವರ್ಷದ ಅನುಭವಕ್ಕೆ ಹೊಂದದ ಮಾತು. ತೀರಾ ದಟ್ಟವಾದ ಅನಿಲ ಅವನ್ನು ಎಲ್ಲ ಕಡೆಯಿಂದ ಸುತ್ತಿಕೊಂಡಿದೆ ಎಂಬುದು ಒಂದು ವಿವರಣೆ. ಹಾಗಿದ್ದರೆ ಗೆರೆಗಳು ಅಗಲವಾದದ್ದಕ್ಕೆ ಮೋಡಗಳ ಓಟದ ಜೊತೆ ಆ ಅನಿಲವೂ ಕಾರಣ ಇರಬಹುದು. ಆಗ ತೂಕದ ಅಂದಾಜು ಬಹಳ ಕೆಳಗಿಳಿಯುತ್ತದೆ.

ಸಂಖ್ಯೆಯಲ್ಲಿ ಅವು ಹಳೆಯ ಕ್ವೇಸಾರ್ ಸಮೀಕ್ಷೆಗಳು ಸೂಚಿಸಿದ್ದಕ್ಕಿಂತ ಬಹಳ ಜಾಸ್ತಿ. ಇಲ್ಲಿಗೆ ಬಂದು ಸೋಲ್ತಾನ್ ಲೆಕ್ಕ ಮತ್ತೆ ತೆರೆಯುತ್ತದೆ. ಇವುಗಳ ತೂಕ ಮೊದಲು ಹೇಳಿದಷ್ಟೇ ಇದ್ದರೆ, ಅಷ್ಟು ಬೇಗ ಅಷ್ಟು ತೂಕ ಕೂಡಿದ್ದು ಹೇಗೆ ಎಂದು ವಿವರಿಸಬೇಕು. ಇವುಗಳ ಬೆಳಕಿನ ಲೆಕ್ಕ ಹಿಡಿದು ಹೊರಟರೆ, ಆ ಕಾಲದ ಕಪ್ಪುಕುಳಿಗಳಲ್ಲಿ 10%ಕ್ಕಿಂತ ಹೆಚ್ಚು ವಸ್ತು ಬೆಳಕಾಗುತ್ತಿತ್ತು, ಅಂದರೆ ಅವು ಇನ್ನೂ ಜೋರಾಗಿ ತಿರುಗುತ್ತಿದ್ದವು ಎಂದು ವಾದಿಸುವವರೂ ಇದ್ದಾರೆ.

ಮುಂದಿನ ಎಣಿಕೆ ಆಗಲೇ ಶುರುವಾಗಿದೆ. ಚಿಲಿಯ ಬೆಟ್ಟದ ಮೇಲೆ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿತು. 8.4 ಮೀಟರ್ ಕನ್ನಡಿ, 320 ಕೋಟಿ ಪಿಕ್ಸೆಲ್‌ನ ಕ್ಯಾಮೆರಾ. ಹತ್ತು ವರ್ಷ ಕಾಲ ಕೆಲವು ರಾತ್ರಿಗಳಿಗೊಮ್ಮೆ ದಕ್ಷಿಣ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವುದು ಅದರ ಕೆಲಸ. ಬೆಳೆಯುವ ಕಪ್ಪುಕುಳಿಯ ಬೆಳಕು ಸದಾ ಏರಿಳಿಯುತ್ತದೆ. ಬಣ್ಣದಿಂದ ತಪ್ಪಿಸಿಕೊಂಡವು ಈ ಏರಿಳಿತದಿಂದ ಸಿಕ್ಕಿಬೀಳುತ್ತವೆ. ಹೀಗೆ ಕೋಟಿಗಟ್ಟಲೆ ಕಪ್ಪುಕುಳಿಗಳು ಪಟ್ಟಿಗೆ ಸೇರುವ ನಿರೀಕ್ಷೆ ಇದೆ. 2023ರಲ್ಲಿ ಹಾರಿದ ಯುರೋಪಿನ ಯೂಕ್ಲಿಡ್ ಉಪಗ್ರಹ ಅವಕೆಂಪು ಬೆಳಕಿನಲ್ಲೂ ಆಕಾಶದ ಮೂರನೇ ಒಂದು ಪಾಲನ್ನು ಅಳೆಯುತ್ತಿದೆ. ಅರಿಜೋನಾದ ಡೆಸಿ ಸಾಧನ 5,000 ಫೈಬರ್‌ಗಳಿಂದ ಒಟ್ಟಿಗೆ ರೋಹಿತ ತೆಗೆಯುತ್ತಿದೆ.

ಕೆಂಪು ಚುಕ್ಕಿಗಳ ಮಟ್ಟಿಗೆ ಮಾತ್ರ ಎಣಿಕೆ ಹೆಚ್ಚಿಸಿದರೆ ಸಾಲದು. ಅವುಗಳ ತೂಕವನ್ನು ಗೆರೆಯ ಅಗಲ ಬಿಟ್ಟು ಬೇರೆ ದಾರಿಯಿಂದ ಅಳೆಯಬೇಕು. ಅದಕ್ಕಾಗಿ ಕೆಲವು ತಂಡಗಳು ಚುಕ್ಕಿಯ ಸುತ್ತ ತಿರುಗುವ ಅನಿಲದ ವೇಗವನ್ನು ನೇರವಾಗಿ ಹಿಡಿಯಲು ನೋಡುತ್ತಿವೆ. ಹಾಲುಹಾದಿಯ ನಡುವಿನ ಕಪ್ಪುಕುಳಿಯನ್ನು ತೂಗಿದ್ದೂ ಸುತ್ತ ತಿರುಗುವವುಗಳ ವೇಗದಿಂದಲೇ, ಆದರೆ ಇಲ್ಲಿನ ದೂರ 1,200 ಕೋಟಿ ಜ್ಯೋತಿರ್ವರ್ಷಕ್ಕೂ ಹೆಚ್ಚು. ಅಂಥ ಒಂದಷ್ಟು ಅಳತೆಗಳು ಸೇರಿದ ಮೇಲೆ, ಮೊದಲ 150 ಕೋಟಿ ವರ್ಷಗಳ ಲೆಕ್ಕದಲ್ಲಿ ಈ ಚುಕ್ಕಿಗಳ ಹೆಸರಿನ ಮುಂದೆ ಯಾವ ಸಂಖ್ಯೆ ಬರೆಯಬೇಕು ಎಂದು ಗೊತ್ತಾಗುತ್ತದೆ.